ಅಣ್ಣನೇ ಹೊಡೆಯುತ್ತಿದ್ದಾನೆ, ಅತ್ತಿಗೆಗೆ ಈ ಕಾದಂಬರಿ ಕಳಿಸಲೇ?

ಪ್ರಶ್ನೆ: ನನಗೆ 26 ವರ್ಷ. ಊರು ದಾವಣಗೆರೆ. ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಕೆಲಸ ಮಾಡುತ್ತಿದ್ದೇನೆ. ಅಪ್ಪ ಬೇಗ ಹೋದರು. ಅಣ್ಣನೇ ದುಡಿದು ನನ್ನನ್ನು ಓದಿಸಿದ. ಅತ್ತಿಗೆ ನನ್ನ ಪಿಯುಸಿ ಗೆಳತಿ. ಈ ಸಂಬಂಧ ಕುದುರಿಸಿದ್ದೂ ನಾನೇ. ಈಗ ಅವರಿಗೆ ಮೂರು ವರ್ಷದ ಮಗನಿದ್ದಾನೆ. ಮಗು ಹುಟ್ಟಿದ ಮೇಲೆ ಅವಳು ಕೆಲಸ ಬಿಟ್ಟಳು. ಹೋದ ಹಬ್ಬಕ್ಕೆ ಊರಿಗೆ ಹೋದಾಗ ಅವಳ ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಕಂಡಿತು. ಕೇಳಿದರೆ ‘ಬಚ್ಚಲುಮನೆ ಬಾಗಿಲು ತಗುಲಿತು ಕಣೇ’ ಅಂದಳು. ಅವತ್ತು ರಾತ್ರಿ ಪಕ್ಕದ ರೂಮಿನಲ್ಲಿ ಅಣ್ಣ ಹೊಡೆಯುವ ಸದ್ದು ನನಗೇ ಕೇಳಿಸಿತು. ಮರುದಿನ ಅವನು ಅವಳಿಗೆ ಸೀರೆ ತಂದ. ಅಮ್ಮ ಮಾತ್ರ ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ನೀನು ಮಧ್ಯೆ ಬಾಯಿ ಹಾಕಬೇಡ’ ಅಂತಾರೆ.

ವಾಪಸ್ ಬಂದ ಮೇಲೆ ಸುಮ್ನೆ ಟೈಮ್‌ಪಾಸ್‌ಗೆ ಅಂತ ‘ಇಟ್ ಎಂಡ್ಸ್ ವಿತ್ ಅಸ್’ ಕಾದಂಬರಿ ತರಿಸಿದೆ. ಕವರ್ ನೋಡಿ ಲವ್ ಸ್ಟೋರಿ ಅಂದುಕೊಂಡಿದ್ದೆ. ಅರ್ಧಕ್ಕೆ ಬರುವಾಗ ಕೈ ನಡುಗಿತು. ಇದನ್ನು ಅತ್ತಿಗೆಗೆ ಕೊರಿಯರ್ ಮಾಡಲೇ? ಓದಿ ಅವಳೇ ಅರ್ಥ ಮಾಡಿಕೊಳ್ಳಲಿ ಅಂತ. ಆದರೆ ಹೀಗೆ ಮಾಡಿದರೆ ನನ್ನನ್ನು ಸಾಕಿದ ಅಣ್ಣನಿಗೆ ದ್ರೋಹ ಆಗುತ್ತದಾ?

ಹೆಸರು ಬೇಡ, ದಾವಣಗೆರೆ

ಉತ್ತರ: ಕೊರಿಯರ್ ಮಾಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಪಾರ್ಸೆಲ್ ಬಾಗಿಲಲ್ಲಿ ಯಾರ ಕೈಗೆ ಸಿಗುತ್ತದೋ ನಿಮಗೆ ಗೊತ್ತಿಲ್ಲ. ಅಮ್ಮ ಇಸಕೊಳ್ಳಬಹುದು, ಅಣ್ಣನೇ ಬಿಚ್ಚಬಹುದು. ‘ಇದೇನಿದು, ನನ್ನ ತಂಗಿ ಹತ್ತಿರ ಏನು ಹೇಳಿಕೊಂಡಿದ್ದೀಯ?’ ಅಂತ ಶುರುವಾದರೆ ಅವತ್ತು ಏಟು ಬೀಳುವುದು ಆಕೆಗೆ. ಹೊಡೆಯುವವನಿಗೆ ವಿಷಯ ಹೊರಗೆ ಗೊತ್ತಾಗಿದೆ ಅನ್ನುವ ಸುಳಿವು ಸಿಕ್ಕರೂ ಸಾಕು, ಕೈ ಇನ್ನೂ ಜೋರಾಗಬಹುದು.

ಈಗ ಪುಸ್ತಕದ ಮಾತು. ಓದದೇ ಇರುವವರಿಗಾಗಿ ಸ್ವಲ್ಪ ಹೇಳುತ್ತೇನೆ, ಕೊನೆ ಗೊತ್ತಾಗಬಾರದು ಅನ್ನುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಅಮೆರಿಕದ ಕಾಲೀನ್ ಹೂವರ್ ಬರೆದ ಈ ಕಾದಂಬರಿ ಬಂದಿದ್ದು 2016ರಲ್ಲಿ. 2024ರಲ್ಲಿ ಸಿನಿಮಾ ಕೂಡ ಆಯಿತು. ಕಥೆ ನಡೆಯುವುದು ಬಾಸ್ಟನ್ ಊರಲ್ಲಿ. ಲಿಲಿಯದು ಹೂವಿನ ಅಂಗಡಿ. ಅವಳು ಮದುವೆಯಾಗುವ ರೈಲ್ ಮೆದುಳಿನ ಸರ್ಜನ್. ಲಿಲಿಯ ಅಪ್ಪ ಊರಿಗೆಲ್ಲ ದೊಡ್ಡ ಮನುಷ್ಯ, ಮೇಯರ್ ಬೇರೆ. ಮನೆಯಲ್ಲಿ ಹೆಂಡತಿಯನ್ನು ಹೊಡೆಯುತ್ತಿದ್ದ. ‘ನಾನಾಗಿದ್ದರೆ ಒಂದೇ ಏಟಿಗೆ ಬಿಟ್ಟು ಹೋಗುತ್ತಿದ್ದೆ’ ಅಂದುಕೊಂಡೇ ಬೆಳೆದವಳು ಲಿಲಿ. ಮೊದಲ ಏಟು ಬೀಳುವುದು ಅಡುಗೆಮನೆಯಲ್ಲಿ. ಓವನ್‌ನಿಂದ ಬಿಸಿ ಪಾತ್ರೆ ತೆಗೆಯಲು ಹೋಗಿ ರೈಲ್ ಕೈ ಸುಟ್ಟುಕೊಳ್ಳುತ್ತಾನೆ. ಇವಳಿಗೆ ತಡೆಯಲಾರದೆ ನಗು ಬರುತ್ತದೆ. ಮರುಕ್ಷಣ ಇವಳು ನೆಲದ ಮೇಲಿದ್ದಾಳೆ. ಆಮೇಲೆ ಅವನ ಅಳು, ಕ್ಷಮೆ, ಆಣೆ. ಸ್ವಲ್ಪ ದಿನಕ್ಕೆ ಮೆಟ್ಟಿಲಿನಿಂದ ಬೀಳುತ್ತಾಳೆ. ಅದಾದ ಮೇಲೆ ಇನ್ನೂ ಕೆಟ್ಟದ್ದು. ಮಗಳು ಹುಟ್ಟಿದ ಮೇಲೆ ಅವಳು ಅವನನ್ನು ಬಿಡುತ್ತಾಳೆ.

ನನಗೆ ಇದರಲ್ಲಿ ಹಿಡಿಸಿದ್ದು ಒಂದು ವಿಷಯ. ಹೊಡೆತ ಶುರುವಾಗುವ ಹೊತ್ತಿಗೆ ಓದುವ ನಮಗೂ ರೈಲ್ ಇಷ್ಟವಾಗಿರುತ್ತಾನೆ. ಪ್ರತಿ ಸಲವೂ ಅವನಿಗೆ ಒಂದು ಕಾರಣ ಇರುತ್ತದೆ. ಆ ಕಾರಣವನ್ನು ನಾವೂ ಒಳಗೊಳಗೇ ಒಪ್ಪಿಕೊಂಡಿರುತ್ತೇವೆ. ಹಾಗಾಗಿ ‘ಇವಳು ಇನ್ನೂ ಯಾಕೆ ಅಲ್ಲೇ ಇದ್ದಾಳೆ?’ ಅಂತ ಕೇಳುವ ಬಾಯಿ ಕಟ್ಟಿಹೋಗುತ್ತದೆ. ಇನ್ನೊಂದು ಕಡೆ ಲಿಲಿಯ ಅಮ್ಮ ಮಗಳಿಗೆ ಹೇಳುವ ಮಾತಿದೆ. ಇಷ್ಟರವರೆಗೆ ಸಹಿಸುತ್ತೇನೆ ಅಂತ ಎಲ್ಲರೂ ಒಂದು ಗೆರೆ ಹಾಕಿಕೊಂಡಿರುತ್ತಾರೆ, ಒಂದೊಂದು ಏಟಿಗೂ ಆ ಗೆರೆ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತದೆ ಅನ್ನುವ ಅರ್ಥದ ಮಾತು. ಇಪ್ಪತ್ತು ವರ್ಷ ಏಟು ತಿಂದವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಹಿಡಿಸದ್ದೂ ಇದೆ. ಲಿಲಿಗೆ ಸ್ವಂತ ಅಂಗಡಿ ಇದೆ, ಕೈಯಲ್ಲಿ ದುಡ್ಡಿದೆ. ಮೊದಲು ಪ್ರೀತಿಸಿದ ಹುಡುಗ ಅದೇ ಊರಲ್ಲಿ ಹೋಟೆಲ್ ಇಟ್ಟುಕೊಂಡು ಅವಳಿಗಾಗಿ ಬಾಗಿಲು ತೆರೆದಿಟ್ಟಿದ್ದಾನೆ. ಕೆಲಸ ಬಿಟ್ಟು, ಮಗು ಕಟ್ಟಿಕೊಂಡು, ಅತ್ತೆಯ ಮನೆಯಲ್ಲಿ ಕೂತಿರುವ ನಿಮ್ಮ ಗೆಳತಿ ಇದನ್ನು ಓದಿದರೆ ಏನನ್ನಿಸಬಹುದು ಹೇಳಿ? ‘ಇವಳಿಗೆ ಹೋಗೋಕೆ ಜಾಗ ಇತ್ತು, ಹೋದಳು. ನನಗೇನಿದೆ?’ ಅಂತ ಪುಸ್ತಕ ಮುಚ್ಚಿಡಬಹುದು. (ಈ ಕಥೆಗೆ ಬಣ್ಣ ತುಂಬುವ ಪುಸ್ತಕ ತರುತ್ತೇವೆ ಅಂತ 2023ರ ಜನವರಿಯಲ್ಲಿ ಹೇಳಿ, ಓದುಗರು ಸಿಟ್ಟಾದ ಮೇಲೆ ಕೈಬಿಟ್ಟರು. ಹೆಂಡತಿಯನ್ನು ಹೊಡೆಯುವ ಕಥೆಗೆ ಕ್ರಯಾನ್! ಮಾರುವವರ ತಲೆಗೆ ಏನು ಹೊಳೆಯುತ್ತದೋ ದೇವರೇ ಬಲ್ಲ.)

ಆದರೆ ಆ ಕಾದಂಬರಿಯಲ್ಲಿ ನೀವೇ ಇದ್ದೀರಿ. ಕಾಗದದಲ್ಲಿ ಅವಳ ಬಗ್ಗೆ ಒಂದು ಸಾಲೂ ಬರೆಯದೇ ಇದ್ದದ್ದು ನನಗೆ ಆಶ್ಚರ್ಯ. ಅಲಿಸಾ. ರೈಲ್‌ನ ತಂಗಿ, ಲಿಲಿಯ ಗೆಳತಿ. ವಿಷಯ ಗೊತ್ತಾದಾಗ ಅವಳು ಎರಡು ಮಾತು ಹೇಳುತ್ತಾಳೆ. ತಂಗಿಯಾಗಿ, ನೀನು ನಮ್ಮಣ್ಣನನ್ನು ಕ್ಷಮಿಸಿದರೆ ಸಾಕು ಅನ್ನುವ ಆಸೆ ನನಗಿದೆ. ಗೆಳತಿಯಾಗಿ ಹೇಳುವುದಾದರೆ, ನೀನು ವಾಪಸ್ ಅವನ ಹತ್ತಿರ ಹೋದರೆ ಮತ್ತೆಂದೂ ನಿನ್ನ ಜೊತೆ ಮಾತಾಡುವುದಿಲ್ಲ. ಓದುವವರಿಗೆ ಚಪ್ಪಾಳೆ ತಟ್ಟಬೇಕು ಅನ್ನಿಸುವ ಜಾಗ ಅದು.

ನೀವು ಅದರಲ್ಲಿ ಅರ್ಧ ಮಾತ್ರ ತೆಗೆದುಕೊಳ್ಳಿ. ತಂಗಿಯಾಗಿದ್ದೂ ಗೆಳತಿಯ ಪಕ್ಕ ನಿಂತಳಲ್ಲ, ಆ ಅರ್ಧ. ‘ವಾಪಸ್ ಹೋದರೆ ಮಾತಾಡಲ್ಲ’ ಅನ್ನುವ ಬೆದರಿಕೆ ನಮಗೆ ಬೇಡ. ಏಟು ತಿನ್ನುವ ಹೆಂಗಸರು ಒಂದೇ ಸಲಕ್ಕೆ ಬಿಟ್ಟು ಬರುವುದು ಕಡಿಮೆ. ಬರುತ್ತಾರೆ, ಹೋಗುತ್ತಾರೆ. ಮಗುವಿಗೆ ಜ್ವರ ಬಂತು ಅಂತ ಹೋಗುತ್ತಾರೆ, ಅವನು ಅತ್ತ ಅಂತ ಹೋಗುತ್ತಾರೆ, ತವರಲ್ಲಿ ಅತ್ತಿಗೆ ಮುಖ ಸಿಂಡರಿಸಿದಳು ಅಂತ ಹೋಗುತ್ತಾರೆ. ಅಷ್ಟರಲ್ಲಿ ನೀವೂ ಮಾತು ಬಿಟ್ಟರೆ ಮುಂದಿನ ಸಲ ಆಕೆ ಯಾರಿಗೆ ಫೋನ್ ಮಾಡಬೇಕು?

ದ್ರೋಹದ ಮಾತಿಗೆ ಬರುತ್ತೇನೆ, ನಿಮ್ಮನ್ನು ನಿಜವಾಗಿ ಕೊರೆಯುತ್ತಿರುವುದು ಅದೇ ಅಲ್ವಾ? ಕಾದಂಬರಿಯ ಕೊನೆಯಲ್ಲಿ ಲೇಖಕಿಯ ಟಿಪ್ಪಣಿ ಇದೆ, ಕೈಗೆ ಪುಸ್ತಕ ಇದ್ದರೆ ಇನ್ನೊಮ್ಮೆ ಓದಿ. ಆಕೆಯ ಅಪ್ಪ ಅಮ್ಮನನ್ನು ಹೊಡೆಯುತ್ತಿದ್ದ. ಆಕೆ ಇನ್ನೂ ಚಿಕ್ಕ ಮಗು ಆಗಿದ್ದಾಗಲೇ ಅಮ್ಮ ಅವನನ್ನು ಬಿಟ್ಟು ಬಂದಳು. ಅದೇ ಅಪ್ಪ ಆಮೇಲೆ ಮಗಳಿಗೆ ಒಳ್ಳೆಯ ಅಪ್ಪನಾಗಿದ್ದ, ಅವನ ಮೇಲೆ ಆಕೆಗೆ ಪ್ರೀತಿಯೂ ಇತ್ತು. ಎರಡೂ ನಿಜ. ನಿಮ್ಮಣ್ಣನೂ ಹಾಗೇ. ನಿಮ್ಮ ಕಾಲೇಜು ಫೀಸ್ ಕಟ್ಟಿದ ಕೈಯೇ ಆಕೆಯ ತೋಳಿನ ಮೇಲೆ ಗುರುತು ಮೂಡಿಸಿದೆ. ಒಂದನ್ನು ನಂಬಬೇಕಾದರೆ ಇನ್ನೊಂದನ್ನು ಸುಳ್ಳು ಮಾಡಬೇಕಿಲ್ಲ. ಅಣ್ಣನ ಋಣ ನಿಮ್ಮ ಮೇಲಿದೆ, ಒಪ್ಪುತ್ತೇನೆ. ಅದನ್ನು ಅತ್ತಿಗೆ ಏಟು ತಿಂದು ತೀರಿಸಬೇಕಾಗಿಲ್ಲ.

ಆ ಸೀರೆಗೆ ಮರುಳಾಗಬೇಡಿ. ಲೆನೋರ್ ವಾಕರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ 1979ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಮೊದಲು ಮನೆಯಲ್ಲಿ ಬಿಗಿ ಹೆಚ್ಚುತ್ತದೆ, ಆಮೇಲೆ ಏಟು, ಆಮೇಲೆ ಅಳು, ಪಶ್ಚಾತ್ತಾಪ, ಉಡುಗೊರೆ. ಸ್ವಲ್ಪ ದಿನಕ್ಕೆ ಮತ್ತೆ ಬಿಗಿ. ಎಲ್ಲ ಮನೆಯಲ್ಲೂ ಇದೇ ಸುತ್ತು ತಿರುಗುತ್ತದೆ ಅಂತಲ್ಲ, ಆದರೆ ನಿಮ್ಮ ಕಾಗದದಲ್ಲಿ ಅದು ಎದ್ದು ಕಾಣುತ್ತಿದೆ.

ಅಮ್ಮ ಹೇಳಿದ ಗಾದೆಯನ್ನು ಏಟು ತಿಂದವರ ಬಾಯಿಂದ ನಾನು ಕೇಳಿಲ್ಲ. ಪಕ್ಕದ ರೂಮಿನಲ್ಲಿ ಮಲಗಿದವರೇ ಹೇಳುತ್ತಾರೆ. ಉಂಡು ಮಲಗಿದ ಮೇಲೂ ಮುಗಿಯಲಿಲ್ಲ ಅನ್ನುವುದನ್ನು ನೀವೇ ಕೇಳಿಸಿಕೊಂಡಿದ್ದೀರಿ. 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಆ ಸಮೀಕ್ಷೆಯಲ್ಲಿ ದೇಶದಲ್ಲೇ ಜಾಸ್ತಿ ಇದ್ದದ್ದು ನಮ್ಮ ರಾಜ್ಯದಲ್ಲಿ. ನಿಮ್ಮಮ್ಮ ಆ ಮಾತನ್ನು ಯಾರಿಂದ ಕಲಿತರು ಅಂತ ಒಂದು ದಿನ ಮೆತ್ತಗೆ ಕೇಳಿ ನೋಡಿ. ಈಗಲೇ ಬೇಡ. ಈಗ ಅಮ್ಮನಿಗೆ ಏನು ಹೇಳಿದರೂ ಅದು ಸಂಜೆಯೊಳಗೆ ಅಣ್ಣನಿಗೆ ಮುಟ್ಟುತ್ತದೆ.

ಹಾಗಾದರೆ ಏನು ಮಾಡುವುದು? ಊರಿಗೆ ಹೋಗಿ. ಫೋನಿನಲ್ಲಿ ಈ ಮಾತು ಎತ್ತಬೇಡಿ, ವಾಟ್ಸ್ಆ್ಯಪ್ ಅಂತೂ ಬೇಡವೇ ಬೇಡ. ಆಕೆಯ ಮೊಬೈಲ್ ಯಾರು ನೋಡುತ್ತಾರೋ ಗೊತ್ತಿಲ್ಲ. ತರಕಾರಿ ತರೋಕೆ, ಮಗುವನ್ನು ಅಂಗನವಾಡಿಗೆ ಬಿಡೋಕೆ ಅಂತ ಇಬ್ಬರೇ ಹೊರಡಿ. ದಾರಿಯಲ್ಲಿ ಇಷ್ಟು ಹೇಳಿ: ‘ಅದು ಬಾಗಿಲು ತಗುಲಿದ್ದಲ್ಲ ಅಂತ ನನಗೆ ಗೊತ್ತು. ನಾನು ಅವನ ತಂಗಿ ಅಂತ ಹೆದರಬೇಡ ಕಣೇ. ನೀನು ಅಲ್ಲೇ ಇದ್ದರೂ ಸರಿ, ಹೊರಟರೂ ಸರಿ, ನಾನು ನಿನ್ನ ಕಡೆ.’ ಆಮೇಲೆ ಸುಮ್ಮನಿರಿ. ಆಕೆ ‘ಹಾಗೇನಿಲ್ಲ’ ಅನ್ನಬಹುದು, ಬೈಯಲೂಬಹುದು. ಈ ಸಂಬಂಧ ಕುದುರಿಸಿದವರು ನೀವೇ ಅಂತ ಚುಚ್ಚಬಹುದು. ತಡೆದುಕೊಳ್ಳಿ. ‘ನೀನೇನಂದೆ, ಅವನು ಯಾಕೆ ಹೊಡೆದ?’ ಅಂತ ಮಾತ್ರ ಕೇಳಬೇಡಿ. ‘ಇವತ್ತೇ ಬ್ಯಾಗ್ ಕಟ್ಟು’ ಅಂತಲೂ ಅವಸರ ಮಾಡಬೇಡಿ. ಬಿಟ್ಟು ಹೊರಡುವ ಹೊತ್ತೇ ತುಂಬಾ ಅಪಾಯದ ಹೊತ್ತು, ಅದಕ್ಕೆ ತಯಾರಿ ಬೇಕು.

ಒಂದು ಪ್ರಶ್ನೆ ಮಾತ್ರ ನೇರವಾಗಿ ಕೇಳಿ: ಯಾವತ್ತಾದರೂ ಕತ್ತು ಹಿಸುಕಿದ್ದಾನಾ, ಸಾಯಿಸುತ್ತೇನೆ ಅಂದಿದ್ದಾನಾ? ಹೌದು ಅಂದರೆ ಲೆಕ್ಕವೇ ಬೇರೆ. ಹಾಗಿದ್ದಲ್ಲಿ ನಿಧಾನ ಮಾಡುವ ಹಾಗಿಲ್ಲ. ಹೊಡೆತ ನಡೆಯುತ್ತಿರುವಾಗ ಕರೆ ಬಂದರೆ ಪೊಲೀಸರ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ.

ಆಕೆ ಬಾಯಿ ಬಿಟ್ಟ ಮೇಲೆ ನೀವು ಮಾಡಬಹುದಾದ ಕೆಲಸಗಳು ಸಣ್ಣಸಣ್ಣವು. ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಗುವಿನ ಜನನ ಪ್ರಮಾಣಪತ್ರ, ಇವುಗಳ ಫೋಟೊ ನಿಮ್ಮ ಮೊಬೈಲಿನಲ್ಲಿರಲಿ. ಗಾಯದ ಫೋಟೊ ಕೂಡ, ತಾರೀಖು ಸಮೇತ. ಆಸ್ಪತ್ರೆಗೆ ಹೋದರೆ ಬಾಗಿಲು, ಮೆಟ್ಟಿಲು ಅನ್ನದೆ ಗಂಡ ಹೊಡೆದ ಅಂತಲೇ ಡಾಕ್ಟರ ಹತ್ತಿರ ಹೇಳಲಿ, ಚೀಟಿಯಲ್ಲಿ ಅದು ಬರೆದಿರಬೇಕು. ಇಬ್ಬರ ನಡುವೆ ಒಂದು ಗುಟ್ಟಿನ ಮೆಸೇಜ್ ಇಟ್ಟುಕೊಳ್ಳಿ. ‘ಅತ್ತೆಯ ಬಿಪಿ ಮಾತ್ರೆ ಹೆಸರೇನು?’ ಅಂತ ಬಂದರೆ ಅದರರ್ಥ ಪೊಲೀಸರಿಗೆ ಫೋನ್ ಮಾಡು ಅಂತ. ಯಾರು ನೋಡಿದರೂ ಅನುಮಾನ ಬರುವುದಿಲ್ಲ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದಿದ್ದು 2006ರ ಅಕ್ಟೋಬರ್‌ನಲ್ಲಿ. ಅದರ 4ನೇ ಸೆಕ್ಷನ್ ನಿಮ್ಮಂಥವರಿಗೇ ಬರೆದ ಹಾಗಿದೆ. ಒಂದು ಮನೆಯಲ್ಲಿ ದೌರ್ಜನ್ಯ ನಡೆಯುತ್ತಿದೆ ಅಂತ ನಂಬಲು ಕಾರಣ ಇದ್ದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ (ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿ) ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವ ಹಾಗಿಲ್ಲ. ನಮ್ಮಲ್ಲಿ ಸಿಡಿಪಿಒಗಳೇ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು) ಈ ಕೆಲಸ ನೋಡಿಕೊಳ್ಳುತ್ತಾರೆ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ಆದರೆ ಆಕೆಯನ್ನು ಕೇಳದೆ ಈ ಹೆಜ್ಜೆ ಇಡಬೇಡಿ. ಅಧಿಕಾರಿ ಮನೆಗೆ ಬಂದು ಹೋದ ಮೇಲೆ ಅದೇ ಮನೆಯಲ್ಲಿ ರಾತ್ರಿ ಕಳೆಯಬೇಕಾದವಳು ಆಕೆ.

ಈ ಕಾಯ್ದೆಯಲ್ಲಿ ಗಂಡನನ್ನು ಜೈಲಿಗೆ ಕಳಿಸದೆಯೂ ಕೇಳಬಹುದಾದದ್ದು ತುಂಬಾ ಇದೆ. ಹೊಡೆಯಬಾರದು ಅಂತ ಕೋರ್ಟ್ ಆದೇಶ, ಮನೆಯಲ್ಲಿ ಇರುವ ಹಕ್ಕು, ಖರ್ಚಿಗೆ ದುಡ್ಡು, ಮಗುವಿನ ವಶ. ಮನೆ ನಿಮ್ಮ ಅಮ್ಮನ ಹೆಸರಿನಲ್ಲಿದ್ದರೂ ಸಂಸಾರ ಮಾಡಿದ ಮನೆ ಅನ್ನುವ ಕಾರಣಕ್ಕೆ ಸೊಸೆ ಅಲ್ಲಿರುವ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದೇಶ ಮೀರಿದರೆ ಆಗ ಜೈಲಿನ ಪ್ರಶ್ನೆ ಬರುತ್ತದೆ. ಹೆಂಗಸರಿಗೆ ವಕೀಲರ ನೆರವು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ, ಆದಾಯ ಎಷ್ಟಿದ್ದರೂ ಸರಿ. ನಿಮಗೆ ಕಹಿಯಾದ ಒಂದು ವಿಷಯವೂ ಇದೆ. ಅರ್ಜಿಯಲ್ಲಿ ಅಮ್ಮನ ಹೆಸರೂ ಬರಬಹುದು. ಸಾಕ್ಷಿ ಹೇಳಲು ನಿಮ್ಮನ್ನೂ ಕರೆಯಬಹುದು. ಕೋರ್ಟಿನಲ್ಲಿ ಅಣ್ಣನ ಮುಖ ನೋಡಿಕೊಂಡು ‘ನಾನು ಕೇಳಿಸಿಕೊಂಡೆ’ ಅನ್ನಲು ಆಗುತ್ತದಾ ಅಂತ ಈಗಿನಿಂದಲೇ ಯೋಚಿಸಿ.

ಅಣ್ಣನ ಹತ್ತಿರ ಮಾತಾಡಬೇಕು ಅನ್ನುವ ಆಸೆ ನಿಮಗಿದೆ, ಕಾಗದದ ಸಾಲುಗಳ ನಡುವೆ ಕಾಣುತ್ತದೆ. ಅತ್ತಿಗೆ ಒಪ್ಪಿದರೆ ಮಾತ್ರ ಮಾತಾಡಿ, ಆಕೆ ಮಗುವಿನ ಜೊತೆ ತವರಲ್ಲೋ ಬೇರೆಲ್ಲೋ ಇರುವಾಗ. ‘ಅವಳು ಹೇಳಿದಳು’ ಅನ್ನಬೇಡಿ, ಪಕ್ಕದ ರೂಮಿನಿಂದ ನಿಮ್ಮ ಕಿವಿಗೆ ಬಿದ್ದದ್ದನ್ನಷ್ಟೇ ಹೇಳಿ. ಅವನು ಅಳಬಹುದು. ಅತ್ತರೆ ಕೌನ್ಸೆಲರ್ ಹತ್ತಿರ ಒಬ್ಬನೇ ಹೋಗಲು ಹೇಳಿ. ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ರಾಜಿ ಮಾಡಿಸುವ ಹಿರಿಯರ ಪಂಚಾಯ್ತಿ ಈ ಹಂತದಲ್ಲಿ ಬೇಡ. ಅಲ್ಲಿ ಆಕೆ ಬಾಯಿ ಬಿಟ್ಟದ್ದಕ್ಕೆ ಮನೆಗೆ ಹೋದ ಮೇಲೆ ಬೆಲೆ ತೆರಬೇಕಾಗುತ್ತದೆ.

ಇನ್ನೊಂದು ಕೆಲಸ ಈ ವಾರವೇ ಮುಗಿಸಿ. ಮಗು ಎತ್ತಿಕೊಂಡು ಆಕೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದರೆ ಎಲ್ಲಿ ಇಳಿಸಿಕೊಳ್ಳುತ್ತೀರಿ? ಎಷ್ಟೋ ಪಿ.ಜಿ.ಗಳಲ್ಲಿ ಮಕ್ಕಳನ್ನು ಒಂದು ರಾತ್ರಿಗೂ ಬಿಟ್ಟುಕೊಳ್ಳುವುದಿಲ್ಲ. ಓನರ್ ಆಂಟಿಯನ್ನು ವಿಚಾರಿಸಿ, ಆಗಲ್ಲ ಅಂದರೆ ಮನೆ ಮಾಡಿಕೊಂಡಿರುವ ಸಹೋದ್ಯೋಗಿ ಒಬ್ಬರನ್ನು ಕೇಳಿಡಿ. ಬೆಂಗಳೂರಿನ ತನಕ ಬರಲಾಗದಿದ್ದರೆ ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗಾಗಿ ಸರ್ಕಾರ ನಡೆಸುವ ಜಿಲ್ಲೆಯ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ತಂಗಬಹುದು. ಅದು ನಿಮ್ಮೂರಲ್ಲಿ ಎಲ್ಲಿದೆ, ಮನೆಯಿಂದ ಆಟೊದಲ್ಲಿ ಎಷ್ಟು ಹೊತ್ತು ಅಂತ ಈ ಸಲ ಹೋದಾಗ ನೋಡಿಕೊಂಡು ಬನ್ನಿ.