ತೀರ್ಪಿಗೆ ಮುನ್ನವೇ ಮೇಲಿನ ಕೋರ್ಟಿಗೆ ಹೋಗಬಹುದೇ?

ಪ್ರಶ್ನೆ: ನಾನು ಅಮೆರಿಕದಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇನೆ. ನಮ್ಮ ಮೇಲೆ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಸಿವಿಲ್ ದಾವೆ ನಡೆಯುತ್ತಿದೆ. ನಾನು ನನ್ನ ವಕೀಲರಿಗೆ ಬರೆದ ಇ-ಮೇಲ್‌ಗಳನ್ನು ಎದುರು ಪಕ್ಷಕ್ಕೆ ಕೊಡಬೇಕೆಂದು ನ್ಯಾಯಾಧೀಶರು ಆದೇಶಿಸಿದ್ದಾರೆ. ‘ರಿಟ್ ಹಾಕಿ, ಮೇಲಿನ ಕೋರ್ಟು ರದ್ದು ಮಾಡುತ್ತದೆ’ ಎನ್ನುತ್ತಾರೆ ಗೆಳೆಯರೊಬ್ಬರು. ನಿಜವೇ?

ಉತ್ತರ: ಹಾಕಬಹುದು, ಆದರೆ ಸಿಗುವುದು ಅಪರೂಪ. ಗೆಳೆಯರು ಭಾರತದ ಹೈಕೋರ್ಟುಗಳ ರಿಟ್ ಅರ್ಜಿಯನ್ನು ನೆನೆದು ಹೇಳಿರಬೇಕು. ಅಮೆರಿಕದ ಫೆಡರಲ್ ವ್ಯವಸ್ಥೆಯಲ್ಲಿ ಮೇಲ್ಮನವಿ ಸಾಮಾನ್ಯವಾಗಿ ಅಂತಿಮ ತೀರ್ಪು ಬಂದ ಮೇಲೆಯೇ. ನಡುವೆ ಕೈಹಾಕಲು ಮೇಲ್ಮನವಿ ನ್ಯಾಯಾಲಯಕ್ಕಿರುವ ಅಸಾಧಾರಣ ಅಸ್ತ್ರ ಮ್ಯಾಂಡಮಸ್ ರಿಟ್, ಅಂದರೆ ಕೆಳಗಿನ ನ್ಯಾಯಾಲಯಕ್ಕೆ ‘ಹೀಗೆ ಮಾಡು’ ಎಂದು ಕೊಡುವ ಆದೇಶ. ಅದರ ಬೇರು 1789ರ ನ್ಯಾಯಾಂಗ ಕಾಯ್ದೆಯಷ್ಟು ಹಳೆಯದು.

ಆಗಿನ ಉಪಾಧ್ಯಕ್ಷ ಡಿಕ್ ಚೇನಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2004ರಲ್ಲಿ ಮೂರು ಷರತ್ತುಗಳನ್ನು ಹೇಳಿತು. ಪರಿಹಾರಕ್ಕೆ ಬೇರೆ ಸಮರ್ಪಕ ದಾರಿ ಇರಬಾರದು. ನಿಮ್ಮ ಹಕ್ಕು ಸ್ಪಷ್ಟವೂ ನಿರ್ವಿವಾದವೂ ಆಗಿರಬೇಕು. ಇವೆರಡೂ ಇದ್ದ ಮೇಲೂ, ಈ ಸಂದರ್ಭದಲ್ಲಿ ರಿಟ್ ಉಚಿತವೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು, ಏಕೆಂದರೆ ಅದು ವಿವೇಚನಾಧಿಕಾರ. ‘ನ್ಯಾಯಾಧೀಶರು ತಪ್ಪು ಮಾಡಿದ್ದಾರೆ’ ಎಂದಷ್ಟೇ ತೋರಿಸಿದರೆ ಸಾಲದು. ಬಹಳಷ್ಟು ಅರ್ಜಿಗಳು ಎಡವುವುದು ಇಲ್ಲಿಯೇ.

ನಿಮಗೆ ತೊಡಕಾಗುವುದು ಮೊದಲನೆಯ ಷರತ್ತು. ವಕೀಲ-ಕಕ್ಷಿದಾರರ ಗೋಪ್ಯತೆಯ ಪ್ರಶ್ನೆಯೇ 2009ರಲ್ಲಿ ಮೊಹಾಕ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಇಂಥ ಆದೇಶದ ವಿರುದ್ಧ ತಕ್ಷಣದ ಮೇಲ್ಮನವಿ ಹಕ್ಕಾಗಿ ಸಿಗುವುದಿಲ್ಲ, ಅಂತಿಮ ತೀರ್ಪು ಬಂದ ನಂತರವೂ ಮೇಲ್ಮನವಿಯಲ್ಲಿ ಆ ತೀರ್ಪನ್ನು ರದ್ದುಪಡಿಸಿ, ಆ ದಾಖಲೆಗಳನ್ನು ಹೊರಗಿಟ್ಟು ಮರುವಿಚಾರಣೆ ನಡೆಸಬಹುದು ಎಂದಿತು ಅದು. ಒಮ್ಮೆ ಎದುರಾಳಿ ಓದಿದ ಪತ್ರವನ್ನು ಓದಿಲ್ಲವೆನಿಸಲು ಯಾವ ಮರುವಿಚಾರಣೆಯಿಂದ ಸಾಧ್ಯ ಎಂಬ ತಕರಾರು ನನ್ನದು, ಆದರೆ ಕಾನೂನು ಅದೇ. ಅಧಿಕಾರದ ಅತಿಕ್ರಮಣ ಅಥವಾ ಘೋರ ಅನ್ಯಾಯವಾದಾಗ ಮ್ಯಾಂಡಮಸ್ ಕೇಳಬಹುದೆಂಬ ಬಾಗಿಲನ್ನು ಅದೇ ತೀರ್ಪು ತೆರೆದಿಟ್ಟಿದೆ. ನಿಮ್ಮ ವಾದ ಅಲ್ಲಿಂದ ಹೊರಡಬೇಕು.

ಅದಕ್ಕೂ ಮೊದಲು, ಆದೇಶದಲ್ಲಿನ ಕಾನೂನು ಪ್ರಶ್ನೆ ನಿರ್ಣಾಯಕವೆಂದೂ ಭಿನ್ನಾಭಿಪ್ರಾಯಕ್ಕೆ ಗಣನೀಯ ಆಸ್ಪದವಿದೆಯೆಂದೂ ತಕ್ಷಣದ ಮೇಲ್ಮನವಿಯಿಂದ ಪ್ರಕರಣ ಬೇಗ ಮುಗಿಯಬಹುದೆಂದೂ ಲಿಖಿತವಾಗಿ ಪ್ರಮಾಣೀಕರಿಸುವಂತೆ ಜಿಲ್ಲಾ ನ್ಯಾಯಾಧೀಶರನ್ನೇ ಕೇಳಿ. ಅವರು ಒಪ್ಪಿದರೆ ಮೇಲ್ಮನವಿ ನ್ಯಾಯಾಲಯಕ್ಕೆ ಅನುಮತಿ ಅರ್ಜಿ ಸಲ್ಲಿಸಲು ಕೇವಲ 10 ದಿನ. ಈ ದಾರಿಯನ್ನು ಪ್ರಯತ್ನಿಸದೆ ಹೋದರೆ ‘ಬೇರೆ ದಾರಿ ಇರಲಿಲ್ಲ’ ಎನ್ನುವುದು ಕಷ್ಟವಾಗುತ್ತದೆ.

ಅರ್ಜಿಯ ರೂಪ ಫೆಡರಲ್ ಮೇಲ್ಮನವಿ ನಿಯಮಾವಳಿಯ 21ನೇ ನಿಯಮದಲ್ಲಿದೆ: ಕೇಳುವ ಪರಿಹಾರ, ವಿವಾದದ ಪ್ರಶ್ನೆಗಳು, ಅಗತ್ಯ ಸಂಗತಿಗಳು, ಕಾರಣಗಳು, ಜೊತೆಗೆ ಆದೇಶದ ಪ್ರತಿ. ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದರೆ 7,800 ಪದಗಳ ಮಿತಿ. ಎಲ್ಲ ಪಕ್ಷಗಳಿಗೂ ಪ್ರತಿ ತಲುಪಿಸಿ, ವಿಚಾರಣಾ ನ್ಯಾಯಾಧೀಶರಿಗೂ ಒಂದು ಕೊಡಬೇಕು. ಎದುರು ಪಕ್ಷದ ಉತ್ತರ ಕೇಳದೆಯೇ ನ್ಯಾಯಾಲಯ ಅರ್ಜಿಯನ್ನು ವಜಾಗೊಳಿಸಬಹುದು.

ಈ ನಿಯಮದಲ್ಲಿ ಕಾಲಮಿತಿ ಇಲ್ಲ, ಆದರೂ ವಿಳಂಬ ನಿಮಗೇ ಮುಳುವು. ಅರ್ಜಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದೂ ಇಲ್ಲ. ಇ-ಮೇಲ್ ಕೊಡಬೇಕಾದ ದಿನಕ್ಕೆ ಮೊದಲೇ ತಡೆಯಾಜ್ಞೆ ಕೋರಿ, ಮೊದಲು ಜಿಲ್ಲಾ ನ್ಯಾಯಾಲಯದಲ್ಲಿ, ಅಲ್ಲಿ ಸಿಗದಿದ್ದರೆ ಮೇಲೆ.