ಅಪೆಂಡಿಕ್ಸ್ ಬರೀ ಔಷಧಿಯಲ್ಲಿ ವಾಸಿಯಾಗುತ್ತಾ?

ಜಮಖಂಡಿಯ ನಿಮ್ಮ ತಮ್ಮನಿಗೆ ಸ್ಕ್ಯಾನ್‌ನಲ್ಲಿ ಅಪೆಂಡಿಕ್ಸ್ ಬಾವು ಕಂಡಿದೆ, ಆಪರೇಷನ್ ಇಲ್ಲದೆ ಆಗಲ್ವಾ ಅಂತ ಕೇಳಿದ್ದೀರಿ. ಕೆಲವರಿಗೆ ಆಗುತ್ತದೆ ರೀ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರ ಕಣ್ಣೆದುರು. ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಅಲ್ಲ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಆಂಟಿಬಯೋಟಿಕ್ ಪಡೆದ 10 ಜನರಲ್ಲಿ ಸುಮಾರು 3 ಜನರಿಗೆ 90 ದಿನದೊಳಗೆ ಆಪರೇಷನ್ ಆಯಿತು. ಅಪೆಂಡಿಕ್ಸ್ ಒಳಗೆ ಕಲ್ಲಿನಂಥ ಗಟ್ಟಿ ಮಲ ಸಿಕ್ಕಿಕೊಂಡಿದ್ದವರಲ್ಲಿ 10ಕ್ಕೆ ಸುಮಾರು 4 ಜನರಿಗೆ. ಈ ಗಟ್ಟಿ ಮಲಕ್ಕೇ ‘ಫೀಕೋಲಿತ್’ ಅನ್ನೋದು, ರಿಪೋರ್ಟಿನಲ್ಲಿ ಹಾಗಂತ ಇದೆಯಾ ನೋಡಿ. ಇದ್ದರೆ ನಾನಂತೂ ಲ್ಯಾಪ್ರೋಸ್ಕೋಪಿಗೇ, ಅಂದರೆ ಸಣ್ಣ ತೂತು ಮಾಡಿ ಮಾಡುವ ಆಪರೇಷನ್ನಿಗೇ, ಹೂಂ ಅನ್ನುತ್ತಿದ್ದೆ.

ಅಜ್ಜಿ ಹರಳೆಣ್ಣೆ ಕುಡಿಸಲು ಬಂದರೆ ತಡೆಯಿರಿ. ನೋವು ಒಮ್ಮೆಲೇ ಇಳಿದು, ಆಮೇಲೆ ಹೊಟ್ಟೆ ಬಿಗಿದು ಜ್ವರ ಬಂದರೆ ಅಪೆಂಡಿಕ್ಸ್ ಒಡೆದಿರಬಹುದು. ಆಗ ನಡುರಾತ್ರಿಯಾದರೂ ಸರಿ, ಬಾಗಲಕೋಟೆಯೋ ವಿಜಯಪುರವೋ, ಸರ್ಜನ್ ಇರುವ ಕಡೆ ಹೊರಡಿ. ದಾರಿಯಲ್ಲಿ ಚಹಾ ಕೂಡ ಕೊಡಬೇಡಿ.