ನಾರ್ಮನ್ ಚಾಡ್ ಥರ ಆಗೋಕೆ ಕೆಲಸ ಬಿಡಲಾ?

ಚಿಕ್ಕಮಗಳೂರಲ್ಲಿ ಕೆಲಸ, ಕ್ರಿಕೆಟ್ ಬಗ್ಗೆ ತಮಾಷೆ ಬರೆಯುವ ಚಟ, ರಾತ್ರಿಯೆಲ್ಲ ಪೋಕರ್ (ಹಣ ಕಟ್ಟಿ ಆಡುವ ಇಸ್ಪೀಟ್ ಆಟ) ವಿಡಿಯೊ. ಕೆಲಸ ಬಿಟ್ಟು ಆರು ತಿಂಗಳು ಪೋಕರ್ ಕಲಿತರೆ ಅಮೆರಿಕದ ನಾರ್ಮನ್ ಚಾಡ್ ಥರ ಕ್ರೀಡಾ ಅಂಕಣಕಾರ, ಪೋಕರ್ ಕಾಮೆಂಟೇಟರ್ ಎರಡೂ ಆಗಬಹುದಾ ಅಂತ ಕೇಳಿದ್ದೀರಿ. ಊರೊಂದು ಬಿಟ್ಟರೆ ಇದು 2022ರ ನಾನೇ. ನಮ್ಮದು ಹಾಸನ.

ಆಗ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಸೋಮವಾರ ಸ್ಥಳೀಯ ಪತ್ರಿಕೆಯಲ್ಲಿ ಅಂಕಣ. ಟೆನಿಸ್ ಬಾಲ್ ಟೂರ್ನಮೆಂಟು, ಪಂಚೆ ಎತ್ತಿ ಕಟ್ಟಿ ವೈಡ್ ಕೊಡುವ ಅಂಪೈರು, ಕಾಫಿ ಕಣಕ್ಕೆ ಬಿದ್ದು ವಾಪಸ್ ಬರದ ಬಾಲು, ಇವೇ ವಿಷಯ. ಲೇಖನಕ್ಕೆ 150 ರೂಪಾಯಿ. ಚಾಡ್ ತಮ್ಮ ಅಂಕಣದಲ್ಲಿ ಓದುಗರ ಪ್ರಶ್ನೆ ಅಚ್ಚಾದರೆ ಓದುಗರಿಗೇ ಒಂದೂಕಾಲು ಡಾಲರ್ ಕೊಡುತ್ತಿದ್ದರು. ನನ್ನ ಸಂಭಾವನೆಗೂ ಅದಕ್ಕೂ ಹೆಚ್ಚುಕಡಿಮೆ ಐವತ್ತು ರೂಪಾಯಿ ವ್ಯತ್ಯಾಸ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ರಾಜ್ಯ ಸರ್ಕಾರ 2021ರಲ್ಲಿ ಹಾಕಿದ್ದ ನಿಷೇಧವನ್ನು ಹೈಕೋರ್ಟು 2022ರ ಫೆಬ್ರವರಿ 14ರಂದು ರದ್ದು ಮಾಡಿತು. ನಾನು ಅದನ್ನು ನನಗೇ ಬಂದ ಪ್ರೇಮಪತ್ರ ಅಂದುಕೊಂಡೆ. ಬೆಂಗಳೂರಿನ ಒಂದು ಪುಟ್ಟ ತಂಡ, ಕನ್ನಡದಲ್ಲಿ ಪೋಕರ್ ಕಾಮೆಂಟರಿ ಮಾಡ್ತೀಯಾ ಅಂತ ಕೇಳಿತು. ಮಾರ್ಚಲ್ಲಿ ರಾಜೀನಾಮೆ ಕೊಟ್ಟೆ. 'ಇಸ್ಪೀಟ್ ಅಡ್ಡೆ ಮೇಲೆ ದಾಳಿ' ಅನ್ನೋ ಸುದ್ದಿ ತಪ್ಪದೆ ಓದುವ ನಮ್ಮಮ್ಮ, "ಪೊಲೀಸ್ನೋರು ಆಡೋರನ್ನ ಹಿಡಿದುಕೊಂಡು ಹೋಗ್ತಾರೆ. ನೀನು ಪಕ್ಕದಲ್ಲಿ ಕೂತು ವಿವರಣೆ ಕೊಡ್ತೀಯೇನೋ?" ಅಂದರು.

ಈಗ ಮೂರನೇ ವಾರದ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಬೇಜಾರಾಗಬೇಡಿ.

ಒಬ್ಬ ಆಟಗಾರನ ಕೈಯಲ್ಲಿ ಎರಡು ಆಟೀನು, ಮೇಜಿನ ಮೇಲೆ ಎಲ್ಲರಿಗೂ ಸೇರಿದ ನಾಲ್ಕು ಎಲೆಗಳಲ್ಲಿ ಎರಡು ಆಟೀನು. ಇನ್ನೊಂದು ಬಂದರೆ ಫ್ಲಶ್, ಅಂದರೆ ಒಂದೇ ಜಾತಿಯ ಐದು ಎಲೆ, ಗೆದ್ದ. ಎದುರಾಳಿ ಕೈಯಲ್ಲಿ ಆಟೀನು ಇಲ್ಲ, ಹಾಗಾಗಿ ಕಟ್ಟಿನಲ್ಲಿ ಒಂಬತ್ತೂ ಉಳಿದಿವೆ. ಬಾಯಿಲೆಕ್ಕಕ್ಕೆ ಒಂದು ಉಪಾಯ ಇದೆ. ಎರಡು ಎಲೆ ಬರೋದು ಬಾಕಿ ಇದ್ದರೆ ಬೇಕಾದ ಎಲೆಗಳ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಬೇಕು, ಒಂದೇ ಬಾಕಿ ಇದ್ದರೆ ಎರಡರಿಂದ. ಬಾಕಿ ಇದ್ದದ್ದು ಒಂದೇ. ನಾನು ನಾಲ್ಕರಿಂದ ಗುಣಿಸಿ "ನೂರಕ್ಕೆ 36" ಅಂದೆ. ಎರಡರಿಂದ ಗುಣಿಸಿದ್ದರೆ 18; ಸರಿಯಾದ ಲೆಕ್ಕ, ಉಳಿದ 44 ಎಲೆಗಳಲ್ಲಿ ಒಂಬತ್ತು, ಅಂದರೆ ಸುಮಾರು 20. ನಮ್ಮದು ಬಡ ಸ್ಟ್ರೀಮ್, ಪರದೆ ಮೇಲೆ ಪರ್ಸೆಂಟ್ ತೋರಿಸುವ ವ್ಯವಸ್ಥೆ ಇರಲಿಲ್ಲ. ಚಾಟ್‌ನಲ್ಲಿ ಒಬ್ಬರು ಮರ್ಯಾದೆಯಾಗೇ ತಿದ್ದಿದರು.

ಇಲ್ಲಿಯವರೆಗೆ ನಡೆದದ್ದು ತಪ್ಪೇ ಅಲ್ಲ. ತಪ್ಪು ಆಮೇಲಿನದು. ಕೊನೆಯ ಎಲೆ ಆಟೀನೇ ಬಂತು! ನಾನು "ನೋಡಿದ್ರಾ, ಬಂತಲ್ಲ!" ಅಂತ ಕೂಗಿದೆ. ಐದು ಸಲಕ್ಕೆ ಒಂದು ಸಲ ಬರೋದು ಬಂದರೆ ಅದು ನನ್ನ ಲೆಕ್ಕಕ್ಕೆ ಸಾಕ್ಷಿಯಾಗುತ್ತಾ? ಆಗಲ್ಲ. ಆದರೂ ಹತ್ತು ನಿಮಿಷ ವಾದ ಮಾಡಿದೆ. ಅಷ್ಟರಲ್ಲಿ ಎರಡು ಕೈ ಆಟ ಮುಗಿದುಹೋಯಿತು, ಯಾರು ಗೆದ್ದರು ಅಂತಲೂ ನಾನು ಹೇಳಲಿಲ್ಲ. "ಹತ್ತು ವರ್ಷ ಲೆಕ್ಕ ಬರೆದವನಿಗೆ ಮಗ್ಗಿ ಬರಲ್ಲ, ಆ ಮೂಟೆಗಳ ಗತಿ ಏನೋ" ಅಂದಿದ್ದರೆ ಎಲ್ಲರೂ ನಗುತ್ತಿದ್ದರು. ಪ್ರತಿ ಸೋಮವಾರ ನಾನು ಬರೆಯುತ್ತಿದ್ದದ್ದು ಅಂಥದ್ದೇ ಅಲ್ವಾ? ಮೈಕ್ ಸಿಕ್ಕಿದ ಕೂಡಲೇ ಪಂಡಿತನಾಗೋ ಆಸೆ ಬಂತು. ಮುಂದಿನ ತಿಂಗಳಿಂದ ಫೋನ್ ಬರಲಿಲ್ಲ.

ಹಾಗಾಗಿ ಆರು ತಿಂಗಳು ಪೋಕರ್ ಕಲಿಯುವ ನಿಮ್ಮ ಯೋಜನೆಯೇ ತಲೆಕೆಳಗು. ಚಾಡ್ 2003ರಲ್ಲಿ ಲಾನ್ ಮೆಕಾಕರ್ನ್ ಜೊತೆ ಅಮೆರಿಕದ ಕ್ರೀಡಾ ಚಾನೆಲ್ ಇಎಸ್‌ಪಿಎನ್‌ನಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಟೂರ್ನಮೆಂಟಿನ ಕಾಮೆಂಟರಿಗೆ ಕೂತಾಗ ಎಷ್ಟೋ ವರ್ಷ ಬರೆದು ಪಳಗಿದ್ದರು. ಸೋಫಾ ಬಿಟ್ಟೇಳದ ಸೋಮಾರಿ ಅಂತ ತಮ್ಮನ್ನೇ ಆಡಿಕೊಳ್ಳುತ್ತಿದ್ದ ಮನುಷ್ಯ. ವಿಚ್ಛೇದನವನ್ನೂ ಜೋಕು ಮಾಡಿಕೊಂಡಿದ್ದರು. ಇನ್ನೊಂದು ವಿಷಯ, ಆಗ ಆ ಕಾರ್ಯಕ್ರಮ ನೇರಪ್ರಸಾರ ಅಲ್ಲ. ಆಟ ಮುಗಿದು, ವಿಡಿಯೊ ಕತ್ತರಿಸಿದ ಮೇಲೆ ಮಾತು ಸೇರಿಸುತ್ತಿದ್ದರು. ಯಾವ ಎಲೆ ಬರುತ್ತೆ ಅಂತ ಮೊದಲೇ ಗೊತ್ತು! ಅದೃಷ್ಟವೂ ಇತ್ತು ಅನ್ನಿ. ಅದೇ ವರ್ಷ ಟೆನ್ನೆಸ್ಸಿಯ ಕ್ರಿಸ್ ಮನಿಮೇಕರ್ ಅನ್ನೋ ಅಕೌಂಟೆಂಟು ಅಲ್ಲೇ 25 ಲಕ್ಷ ಡಾಲರ್ ಗೆದ್ದ. ಮುಖ್ಯ ಪಂದ್ಯಕ್ಕೆ 839 ಜನ ಬಂದಿದ್ದರು, ಮರುವರ್ಷ 2,576. ಅಂಥ ಅಲೆ ನಿಮಗಾಗಿ ಕಾದು ಕೂತಿಲ್ಲ ಮಾರಾಯ್ರೆ. 2025ರ ಆಗಸ್ಟಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ.

ಕೆಲಸ ಬಿಡಬೇಡಿ. ನಿಮ್ಮೂರಿನ ಟೂರ್ನಮೆಂಟ್ ಬಗ್ಗೆ ಬರೆಯಿರಿ, ಮೊದಲ ಏಟು ನಿಮಗೇ ಬೀಳಲಿ.

ನಾನು ಮತ್ತೆ ಲೆಕ್ಕಕ್ಕೆ ಸೇರಿಕೊಂಡೆ, ಬೇರೆ ಕ್ಯೂರಿಂಗ್‌ನಲ್ಲಿ. ಅಂಕಣಕ್ಕೆ ಈಗ 200 ರೂಪಾಯಿ. ಆ ಆಟೀನಿನ ಕಥೆಯನ್ನೂ ಅದರಲ್ಲಿ ಬರೆದೆ. ಅಮ್ಮ ಓದಿ ಒಂದೇ ಪ್ರಶ್ನೆ ಕೇಳಿದರು: "ಗೆದ್ದವನು ನಿನಗೇನಾದರೂ ಕೊಟ್ಟನಾ?"